ಬರ್ನ್‌ನ ಮರೆಗುಳಿ ದೇವದೂತ

ಸ್ವಿಟ್ಜರ್ಲೆಂಡಿನ ಬರ್ನ್ ರೈಲು ನಿಲ್ದಾಣದ ಬಳಿ 12ನೇ ನಂಬರಿನ ಬಸ್ಸು ಹತ್ತಿದರೆ ಊರಂಚಿಗೆ ತಂದು ಇಳಿಸುತ್ತದೆ. ಅಲ್ಲಿ ಹೆದ್ದಾರಿಯ ಪಕ್ಕದಲ್ಲಿ ಉಕ್ಕು-ಗಾಜಿನ ಮೂರು ಅಲೆಗಳು ಎದ್ದು ನಿಂತಂತೆ ಕಾಣುವುದೇ ಪಾಲ್ ಕ್ಲೇ ಕೇಂದ್ರ. ರೆಂಜೊ ಪಿಯಾನೊ ವಿನ್ಯಾಸದ ಈ ಕಟ್ಟಡ 2005ರಲ್ಲಿ ತೆರೆಯಿತು. ಕ್ಲೇಯ ಸುಮಾರು 4,000 ಕೃತಿಗಳು ಇಲ್ಲಿವೆ. ಎಲ್ಲವೂ ಒಮ್ಮೆಗೇ ನೋಡಲು ಸಿಗವು. ಕಾಗದದ ಚಿತ್ರಗಳಿಗೆ ಬೆಳಕೇ ಶತ್ರು. ಮಂದ ಬೆಳಕಿನಲ್ಲಿ, ಸರದಿಯಂತೆ ಹೊರಬರುತ್ತವೆ.

1939ರ ‘ಮರೆಗುಳಿ ದೇವದೂತ’ ಎದುರಾದರೆ ನಿಮ್ಮ ಅದೃಷ್ಟ. ಪೆನ್ಸಿಲಿನ ಕೆಲವೇ ಗೆರೆ. ಬಾಗಿದ ತಲೆ, ಕೆಳಗಿಳಿದ ಕಣ್ಣು, ಹೆಣೆದುಕೊಂಡ ಬೆರಳು. ಮನೆಪಾಠ ಮರೆತು ಮೇಷ್ಟರ ಮುಂದೆ ನಿಂತ ಹುಡುಗನ ಹಾಗೆ. ಗೆರೆ ಎಲ್ಲಿ ಮೈಯಾಯಿತು, ಎಲ್ಲಿ ರೆಕ್ಕೆಯಾಯಿತು ಎಂದು ಹೇಳುವುದು ಕಷ್ಟ. ‘ಇದನ್ನು ನಮ್ಮ ಮಗುವೂ ಬರೆದೀತು’ ಎನ್ನುವ ಅಪ್ಪ-ಅಮ್ಮಂದಿರು ಎಲ್ಲ ಊರಲ್ಲೂ ಇದ್ದಾರೆ. ಕ್ಲೇಗೆ ಅದು ಬೈಗುಳವಾಗುತ್ತಿರಲಿಲ್ಲವೇನೋ. ತನ್ನ ಕೃತಿಗಳ ಪಟ್ಟಿಗೆ ಬಾಲ್ಯದ ಚಿತ್ರಗಳನ್ನೂ ಸೇರಿಸಿದವನು ಆತ. ಆದರೆ ಈ ಗೆರೆ ಎಳೆದಾಗ ವಯಸ್ಸು ಅರವತ್ತರ ಹತ್ತಿರ. ನಾಜಿಗಳು 1933ರಲ್ಲೇ ಡ್ಯೂಸೆಲ್‌ಡಾರ್ಫ್‌ನ ಅಧ್ಯಾಪಕ ಹುದ್ದೆಯಿಂದ ತೆಗೆದುಹಾಕಿದ್ದರು. 1935ರಿಂದ ಚರ್ಮ ಬಿಗಿಯುವ ಸ್ಕ್ಲೆರೋಡರ್ಮಾ ಕಾಯಿಲೆ. ಹಾಗಿದ್ದೂ ಆ ಒಂದೇ ವರ್ಷ 1,200ಕ್ಕೂ ಹೆಚ್ಚು ಕೃತಿಗಳು!

ಹುಟ್ಟಿದ್ದು ಬರ್ನ್ ಪಕ್ಕದ ಊರಲ್ಲೇ. ತಂದೆ ಜರ್ಮನ್, ಹಾಗಾಗಿ ಕಾನೂನಿನ ಲೆಕ್ಕದಲ್ಲಿ ಮಗನೂ ಜರ್ಮನ್. ಸ್ವಿಸ್ ಪೌರತ್ವದ ಅರ್ಜಿ ಇತ್ಯರ್ಥವಾಗುವ ಮೊದಲೇ, 1940ರ ಜೂನ್ 29ರಂದು, ತೀರಿಕೊಂಡ. ಕೇಂದ್ರದಿಂದ ಸ್ವಲ್ಪ ನಡೆದರೆ ಷೋಸ್‌ಹಾಲ್ಡೆ ಸ್ಮಶಾನದಲ್ಲಿ ಅವನ ಸಮಾಧಿ ಸಿಗುತ್ತದೆ.