ಈಥರ್ ಗುಮ್ಮಟದಡಿ

ಬಾಸ್ಟನ್ನಿಗೆ ಬಂದವರು ಹಾರ್ವರ್ಡ್ ನೋಡುತ್ತಾರೆ. ನಾನು ಆಸ್ಪತ್ರೆ ನೋಡಬೇಕು ಅಂದಾಗ ಮಗಳು ನಕ್ಕಳು. ಆದರೂ ಕರೆದುಕೊಂಡು ಹೋದಳು.

ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಎತ್ತರದ ಕಟ್ಟಡಗಳ ನಡುವೆ ಬೂದುಗಲ್ಲಿನ ಮುದುಕನೊಬ್ಬ ಉಳಿದುಕೊಂಡಿದ್ದಾನೆ: 1821ರ ಬುಲ್‌ಫಿಂಚ್ ಕಟ್ಟಡ. ಮೇಲಿನ ಅಂತಸ್ತಿಗೆ ಹೋಗಿ ಹಳೆಯ ಶಸ್ತ್ರಚಿಕಿತ್ಸಾ ಕೊಠಡಿಯೊಳಗೆ ಕಾಲಿಟ್ಟವನು ಅಲ್ಲೇ ನಿಂತುಬಿಟ್ಟೆ. ನೆತ್ತಿಯ ಮೇಲೆ ಗುಮ್ಮಟ, ಅದರಿಂದ ಇಳಿಯುವ ಬೆಳಕು. ಕಡಿದಾದ ಸಾಲು ಸಾಲು ಆಸನಗಳು, ಕೆಳಗೆ ಪುಟ್ಟ ಅಂಗಳ. ಅಲ್ಲೊಂದು ಈಜಿಪ್ಟಿನ ಮಮ್ಮಿ! ಹೆಸರು ಪಾದಿಹರ್ಶೆಫ್, 1823ರಿಂದ ಈ ಆಸ್ಪತ್ರೆಯದೇ ಸ್ವತ್ತು. ಇಲ್ಲಿ ನಡೆದದ್ದನ್ನೆಲ್ಲ ನೋಡಿದವನು ಅವನೊಬ್ಬನೇ ಇರಬೇಕು.

1846ರ ಅಕ್ಟೋಬರ್ 16ರಂದು ಮಾರ್ಟನ್ ಎಂಬ ಹಲ್ಲಿನ ವೈದ್ಯ ಇಲ್ಲಿ ರೋಗಿಯೊಬ್ಬನಿಗೆ ಈಥರ್ ಉಸಿರಾಡಿಸಿದ. ಶಸ್ತ್ರವೈದ್ಯ ವಾರನ್ ಕತ್ತಿನ ಗಡ್ಡೆಗೆ ಕತ್ತಿ ಹಾಕಿದರು. ರೋಗಿ ಚೀರಲಿಲ್ಲ. ಅದಕ್ಕೇ ಇದು ಈಥರ್ ಗುಮ್ಮಟ.

ನನ್ನನ್ನು ಇಲ್ಲಿಗೆ ಎಳೆದು ತಂದದ್ದು ಮಾತ್ರ ಇದೇ ಆಸ್ಪತ್ರೆಯ ಇನ್ನೊಂದು ಕಥೆ. ಲಾರೆನ್ಸ್ ಎಗ್ಬರ್ಟ್ ಮತ್ತು ಸಂಗಡಿಗರು 1964ರಲ್ಲಿ ಪ್ರಕಟಿಸಿದ್ದು. ಹೊಟ್ಟೆಯ ಶಸ್ತ್ರಚಿಕಿತ್ಸೆಗೆ ಬಂದಿದ್ದ 97 ಜನರಲ್ಲಿ 46 ಜನರ ಬಳಿ ಅರಿವಳಿಕೆ ವೈದ್ಯರು ಹಿಂದಿನ ರಾತ್ರಿ ಕೂತು ಮಾತಾಡಿದರು. ಎಲ್ಲಿ ನೋಯುತ್ತದೆ, ಎಷ್ಟು, ಎಷ್ಟು ದಿನ. ಹೊಲಿಗೆಯಡಿಯ ಸ್ನಾಯು ಬಿಗಿಯುವುದರಿಂದ ನೋವು ಹೆಚ್ಚುತ್ತದೆ, ಅದನ್ನು ಸಡಿಲಬಿಡುವುದು ಹೀಗೆ, ಹೊಟ್ಟೆಗೆ ಭಾರ ಬೀಳದಂತೆ ಮಗ್ಗುಲಾಗುವುದು ಹೀಗೆ. ತಡೆಯಲಾಗದಿದ್ದರೆ ಮದ್ದು ಕೇಳಿ, ಕೊಡುತ್ತೇವೆ. ಉಳಿದವರಿಗೆ ಈ ಮಾತಿಲ್ಲ. ಯಾರಿಗೆ ಹೇಳಿದ್ದಾರೆ, ಯಾರಿಗಿಲ್ಲ ಎಂಬುದು ಶಸ್ತ್ರವೈದ್ಯರಿಗೂ ಗೊತ್ತಿರಲಿಲ್ಲ.

ಮಾತು ಕೇಳಿಸಿಕೊಂಡವರಿಗೆ ಬೇಕಾದ ಮಾರ್ಫಿನ್ ಸುಮಾರು ಅರ್ಧ. ಮನೆಗೆ ಹೋದದ್ದೂ ಸರಾಸರಿ 2.7 ದಿನ ಮೊದಲು.

ಅರ್ಧ! ಆ ಆಸನದಲ್ಲಿ ಕೂತು ನಾನು ಮತ್ತೆ ಮತ್ತೆ ಅದನ್ನೇ ಹೇಳಿಕೊಂಡೆ. ಗಾಯದ ಉದ್ದವನ್ನು ಅಳೆದರೆ ನೋವಿನ ಅಳತೆ ಸಿಗುತ್ತದೆ ಅಂದುಕೊಂಡಿದ್ದವನು ನಾನು. ಗಾಯ ಲೆಕ್ಕಕ್ಕಿಲ್ಲವೆಂದಲ್ಲ, ಪಕ್ಕೆಲುಬಿನ ಹತ್ತಿರ ಕುಯ್ದರೆ ಪ್ರತಿ ಉಸಿರಿಗೂ ಕೆಮ್ಮಿಗೂ ಅದು ಎಳೆಯುತ್ತದೆ. ಆದರೆ ಮಾರ್ಫಿನ್ ಎಷ್ಟು ಬೇಕಾದೀತು ಎಂಬುದನ್ನು ತೂಕಕ್ಕಿಂತ ವಯಸ್ಸೇ ಚೆನ್ನಾಗಿ ಹೇಳುತ್ತದಂತೆ: ಹರೆಯದವರಿಗೆ ಹೆಚ್ಚು, ಮುದುಕರಿಗೆ ಕಡಿಮೆ. ಮೊದಲೇ ನೋವುಂಡ ದೇಹಕ್ಕೆ, ಹೆದರಿದ ಮನಸ್ಸಿಗೆ ಇನ್ನಷ್ಟು. ಕ್ಯಾನ್ಸರ್ ಎಂದು ಕೇಳಿಸಿಕೊಂಡು ಮೇಜಿನ ಮೇಲೆ ಮಲಗುವವರಲ್ಲಿ ಹೆದರದವರು ಯಾರು?

ನನ್ನ ಅಕ್ಕನ ದೊಡ್ಡ ಕರುಳಿನ ಗಡ್ಡೆ ತೆಗೆದಾಗ ಯಾರೂ ಹಾಗೆ ಕೂತು ಹೇಳಲಿಲ್ಲ. ವೈದ್ಯರೂ ಅಲ್ಲ, ನಾವೂ ಅಲ್ಲ. “ಏನೂ ಆಗಲ್ಲ” ಅಂದೆವು. ಎಚ್ಚರವಾದ ಅವಳಿಗೆ ಎಲ್ಲವೂ ಆಗಿತ್ತು.

ಹೊರಗೆ ಬಂದು ಬೆಂಚಿನ ಮೇಲೆ ಕೂತು ಬೆಂಗಳೂರಿಗೆ ಫೋನ್ ಹಚ್ಚಿದೆ. ಅಲ್ಲಿ ರಾತ್ರಿಯಾಗಿತ್ತು. ಮಮ್ಮಿಯಿಂದ ಹಿಡಿದು ಮಾರ್ಫಿನ್‌ವರೆಗೆ ಎಲ್ಲ ಹೇಳಿದೆ.

“ನಂಗೂ ಒಬ್ರು ಹೇಳಿದ್ರು ಕಣೋ,” ಅಂದಳು ಅಕ್ಕ. “ಪಕ್ಕದ ಮಂಚದ ಅಜ್ಜಿ. ಮೂರನೇ ದಿನ. ದಿಂಬನ್ನ ಹೊಟ್ಟೆಗೆ ಒತ್ತಿ ಹಿಡ್ಕೊಂಡು ಕೆಮ್ಮು ತಾಯಿ, ಆದ್ರೂ ಸ್ವಲ್ಪ ಎಳೆಯತ್ತೆ ಅಂದ್ರು.”

“ಎಳೀತಾ?”

“ಎಳೀತು. ಆದ್ರೆ ಎಳೆಯತ್ತೆ ಅಂತ ಗೊತ್ತಿತ್ತಲ್ಲ.”