ಮಲಗಿದವರಿಗೆ ಮಾತ್ರ

ನಮ್ಮ ದೊಡ್ಡಪ್ಪನಿಗೆ ವರ್ಷಕ್ಕೊಮ್ಮೆ ತನ್ನ ಆರೋಗ್ಯದ ಮೇಲೆಯೇ ಬೇಸರ ಬರುತ್ತಿತ್ತು. 2003ರಲ್ಲಿ ಯಶಸ್ವಿನಿ ಆರೋಗ್ಯ ವಿಮೆ ಯೋಜನೆ ಶುರುವಾದಾಗ, ಸಾಗರದ ಕಡೆಯ ನಮ್ಮೂರ ಸಹಕಾರ ಸಂಘದಲ್ಲಿ ಮೊದಮೊದಲು ಹೆಸರು ಬರೆಸಿದವರಲ್ಲಿ ಅವನೂ ಒಬ್ಬ. ಆಗ ತಿಂಗಳಿಗೆ 5 ರೂಪಾಯಿಯ ಲೆಕ್ಕದಲ್ಲಿ ವರ್ಷಕ್ಕೆ 60 ರೂಪಾಯಿ ಕಟ್ಟಿದರೆ ಆಪರೇಷನ್ನಿನ ಚಿಂತೆಯಿರಲಿಲ್ಲ. ಆದರೆ ತೋಟದಲ್ಲಿ ದುಡಿದು ಗಟ್ಟಿಯಾಗಿದ್ದ ಆ ದೇಹ ಡಾಕ್ಟರರ ಕತ್ತಿಗೆ ಅವಕಾಶವನ್ನೇ ಕೊಡಲಿಲ್ಲ. ವರ್ಷ ಮುಗಿದಾಗ ಪಂಚಾಂಗದ ನಡುವೆ ಇಟ್ಟಿದ್ದ ಕಾರ್ಡನ್ನು ತೆಗೆದು ನೋಡಿ, "ಈ ಸಲವೂ ಕಟ್ಟಿದ ದುಡ್ಡು ದಂಡ" ಎಂದು ನಿಟ್ಟುಸಿರು ಬಿಡುತ್ತಿದ್ದ. ನೆರೆಮನೆಯವರು ಹರ್ನಿಯಾ ಆಪರೇಷನ್ ಮಾಡಿಸಿಕೊಂಡು ಬಂದಾಗ ನೋಡಲು ಹೋದವನು, ಕಿತ್ತಳೆ ಹಣ್ಣಿನ ಜೊತೆಗೆ ಸಣ್ಣದೊಂದು ಹೊಟ್ಟೆಕಿಚ್ಚನ್ನೂ ಒಯ್ದಿದ್ದ.

ಅದಕ್ಕೂ ಹಿಂದೆ ನಮಗಿದ್ದ ವಿಮೆಯೆಂದರೆ ಪೇಟೆಯ ಡಾಕ್ಟರರ ಲೆಕ್ಕದ ಪುಸ್ತಕವೊಂದೇ. ನಾವು ಮನೆಯಿಂದ ಒಯ್ದ ಸೀಸೆಗೆ ಕಾಂಪೌಂಡರ್ ಕೆಂಪು ಮಿಕ್ಸ್ಚರ್ ಹೊಯ್ದು, ಹೊತ್ತಿಗೆಷ್ಟು ಎಂದು ತೋರಿಸುವ ಕಾಗದದ ಪಟ್ಟಿ ಅಂಟಿಸಿ ಕೊಡುತ್ತಿದ್ದ. ಜೇಬಿಗೆ ಕೈ ಹಾಕಿದರೆ ಡಾಕ್ಟರು, "ಇರಲಿ, ಕೊಯ್ಲು ಮುಗೀಲಿ" ಅನ್ನುತ್ತಿದ್ದರು. ಅಡಿಕೆಗೆ ಕೊಳೆ ರೋಗ ಬಂದ ವರ್ಷ ಅವರ ಪುಸ್ತಕಕ್ಕೂ ಅದೇ ರೋಗ. ಹಾಗೆಂದು ಆ ಕಾಲ ಮತ್ತೆ ಬರಲಿ ಎನ್ನಲಾರೆ. ಕೆಂಪು ಮದ್ದು ಎದೆನೋವಿಗೆ ಸಾಲುತ್ತಿರಲಿಲ್ಲ. ಹೆರಿಗೆ ಕಷ್ಟವಾಗಿ ಶಿವಮೊಗ್ಗದ ದಾರಿಯಲ್ಲೇ ಉಸಿರು ಬಿಟ್ಟವರಿದ್ದರು. ಆದರೂ ಆ ಡಾಕ್ಟರಿಗೆ ನಮ್ಮ ಪ್ರತಿಯೊಬ್ಬರ ಕೆಮ್ಮಿನ ಗುರುತಿತ್ತು.

ಈಗ ಕಾರ್ಡುಗಳು ಬಗೆಬಗೆಯಾಗಿವೆ. 2018ರಲ್ಲಿ ಬಂದ ಆಯುಷ್ಮಾನ್ ಭಾರತ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ಭರವಸೆ ಕೊಟ್ಟಿತು. 2024ರಲ್ಲಿ 70 ತುಂಬಿದವರಿಗೆಲ್ಲ, ಆದಾಯ ಕೇಳದೆ, ಅದರ ಬಾಗಿಲು ತೆರೆಯಿತು. ಖಾಸಗಿ ವಿಮೆಯವರು ಡಿಸ್ಚಾರ್ಜಿನ ಒಪ್ಪಿಗೆಯನ್ನು 3 ಗಂಟೆಯೊಳಗೆ ಕೊಡಬೇಕೆಂಬ ನಿಯಮವೂ ಅದೇ ವರ್ಷದ್ದು. ಅದಕ್ಕೆ ಮೊದಲು ಆಸ್ಪತ್ರೆಯ ವಿಮಾ ಕೌಂಟರಿನೆದುರು ಬೆಳಗಿನಿಂದ ಸಂಜೆಯವರೆಗೆ ಕೂತು, ಪಕ್ಕದವರ ಜೊತೆ ಮಾತು ಬೆಳೆದು, ಗಂಡು ಹೆಣ್ಣಿನ ಜಾತಕದವರೆಗೂ ಮುಟ್ಟಿಸಿದವರು ನಮ್ಮ ನೆಂಟರಲ್ಲೇ ಇದ್ದಾರೆ.

ಇಷ್ಟಾದರೂ ಈ ವಿಮೆಗಳದ್ದೊಂದು ವಿಚಿತ್ರ ಸ್ವಭಾವ. ಅವುಗಳ ಅಕ್ಕರೆಯೆಲ್ಲ ಮಲಗಿದವರ ಮೇಲೆ. ಚೀಲ ಹಿಡಿದು ಸಂತೆಗೆ ಹೋಗುವ ರೋಗಿಯನ್ನು ಅವು ರೋಗಿಯೆಂದು ನಂಬುವುದೇ ಕಷ್ಟ.

ದೊಡ್ಡಮ್ಮನನ್ನೇ ನೋಡಿ. ಅವಳಿಗೆ ಕಾರ್ಡೂ ಇದೆ, ಬಿಪಿಯೂ ಇದೆ. ಮಾತ್ರೆಯನ್ನು ಮಾತ್ರ ಅಡಕತ್ತರಿಯಲ್ಲಿ ಎರಡು ಹೋಳು ಮಾಡಿ, ಅರ್ಧ ಇವತ್ತಿಗೆ, ಅರ್ಧ ನಾಳೆಗೆ ಎಂದು ನುಂಗುತ್ತಾಳೆ. ಏಕಾದಶಿಯ ದಿನ ಅದೂ ಇಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗುತ್ತದಲ್ಲ ಎಂದರೆ, "ಮಾತ್ರೆ ಪುಕ್ಕಟೆ, ಮಂಡಿ ಪುಕ್ಕಟೆಯಲ್ಲ" ಎಂಬ ಉತ್ತರ. ಬಸ್ಸು ಇಳಿದ ಮೇಲೆ ಏರು ಹತ್ತಬೇಕು. ನಾಳೆ ಅವಳ ತಲೆಯಲ್ಲಿ ನರ ಒಡೆದು ಬಿದ್ದರೆ ಲಕ್ಷಗಟ್ಟಲೆ ಖರ್ಚಿಗೆ ಕಾರ್ಡು ತಯಾರಿದೆ. ಒಡೆಯದಂತೆ ಕಾಯುವ ಹೊಣೆ ಅವಳ ಸೆರಗಿನ ಗಂಟಿನದು.

2024ರಲ್ಲಿ ಕೋಲಾರದಲ್ಲಿ ಶುರುವಾದ ಗೃಹ ಆರೋಗ್ಯ ಯೋಜನೆ ಬಿಪಿ, ಸಕ್ಕರೆ ಕಾಯಿಲೆಯವರ ಮನೆಬಾಗಿಲಿಗೇ ತಪಾಸಣೆಯನ್ನೂ ಮಾತ್ರೆಯನ್ನೂ ಒಯ್ಯಲು ಹೊರಟಿತು. ನನಗೆ ಅಧಿಕಾರವಿದ್ದರೆ ಸುಧಾರಣೆಯನ್ನು ಈ ತುದಿಯಿಂದಲೇ ಹಿಡಿಯುತ್ತಿದ್ದೆ. ತಿಂಗಳ ಮಾತ್ರೆ, ರಕ್ತದ ಪರೀಕ್ಷೆ, ಕೆಮ್ಮಿನ ಗುರುತು ಹಿಡಿಯುವ ಹತ್ತಿರದ ಒಬ್ಬ ಡಾಕ್ಟರು: ವಿಮೆ ಮೊದಲು ಇಷ್ಟನ್ನು ನೋಡಿಕೊಳ್ಳಲಿ, ಕತ್ತಿ ಆಮೇಲೆ ಬರಲಿ. ಅಧಿಕಾರವಿಲ್ಲದ್ದರಿಂದ, ಊರಿಗೆ ಹೋದಾಗ ದೊಡ್ಡಮ್ಮನಿಗೆ ಅವಳ ಕಾರ್ಡಿನ ಬೆಲೆಯನ್ನಾದರೂ ವಿವರಿಸಿದೆ. ಅವಳು ಅಡಿಕೆ ಕತ್ತರಿಸುತ್ತಲೇ ಪೂರ್ತಿ ಕೇಳಿದಳು.

"ಐದು ಲಕ್ಷ ಇಡೀ ಬ್ಯಾಡ ಮಾರಾಯಾ," ಅಂದಳು. "ತಿಂಗಳ ಮಾತ್ರೆಗೆ ಆಗೋವಷ್ಟು ಚಿಲ್ಲರೆ ಈಗಲೇ ಕೊಡ್ತಾರಾ ಕೇಳು. ಉಳಿದದ್ದು ಅವರ ಹತ್ರನೇ ಇರಲಿ."