ಕತ್ತರಿ ಕೊಟ್ಟ ಮಾಸ್ತರು

ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಹೊಲಿಗೆ ಮಿಷನ್ನಿನ ಸದ್ದಿಗೆ ಯಾರೂ ತಲೆಯೆತ್ತಿ ನೋಡುವುದಿಲ್ಲ. ಸದ್ದು ನಿಂತರೆ ಮಾತ್ರ, ಕರೆಂಟ್ ಹೋಯಿತಾ ಎಂದು ವಿಚಾರಿಸುತ್ತಾರೆ. ಇಲ್ಲಿ ಒಂದು ಜೀನ್ಸ್ ಪ್ಯಾಂಟು ಒಂದೇ ಸೂರಿನಡಿ ಹುಟ್ಟುವುದು ಅಪರೂಪ. ಒಂದು ಕಡೆ ಥಾನು ಬಿಚ್ಚಿ ಪದರದ ಮೇಲೆ ಪದರ ಹಾಸಿ ಕಟಿಂಗ್ ಆದರೆ, ಜೇಬು ಇನ್ನೊಂದು ಮನೆಯಲ್ಲಿ, ಜೋಡಣೆ ಮತ್ತೊಂದು ಕಡೆ, ಕಾಜಾ-ಗುಂಡಿ ಮಗದೊಂದು ಕಡೆ. ಆಮೇಲೆ ವಾಷಿಂಗಿಗೆ ಸವಾರಿ. ಕೂಲಿಯೆಲ್ಲ ಪೀಸಿನ ಲೆಕ್ಕ.

ಈ ಊರಿಗೆ ಹೊಲಿಗೆ ಬಂದದ್ದು ದಂಡಿನಿಂದ ಎಂಬುದು ಹಳಬರ ಮಾತು. ಬ್ರಿಟಿಷರ ಕಾಲದಲ್ಲಿ ಬಳ್ಳಾರಿ ದೊಡ್ಡ ದಂಡಿನ ಊರು. ಸಿಪಾಯಿಗಳಿಗೆ ಸಮವಸ್ತ್ರ ಬೇಕು, ಸಮವಸ್ತ್ರಕ್ಕೆ ದರ್ಜಿಗಳು ಬೇಕು. ದಂಡು ಹೋಯಿತು, ದರ್ಜಿಗಳು ಉಳಿದರು. ಶಾಲೆಯ ಮಕ್ಕಳ ಯೂನಿಫಾರ್ಮು ಹೊಲಿದರು, ರೆಡಿಮೇಡ್ ಪ್ಯಾಂಟು ಹೊಲಿದರು, ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಜೀನ್ಸಿಗೆ ಕೈ ಹಾಕಿದರು.

ಸಿಪಾಯಿಯ ಖಾಕಿಯ ಹಿಂದೆಯೂ ಒಬ್ಬ ಮಾಸ್ತರ ಇದ್ದಾನೆ. ಅವನು ಸಿಗುವುದು ಮಂಗಳೂರಿನಲ್ಲಿ. 1834ರಲ್ಲಿ ಅಲ್ಲಿಗೆ ಬಂದ ಬಾಸೆಲ್ ಮಿಷನ್ನಿನವರಿಗೆ ಬೇಗನೆ ಒಂದು ಸಂಗತಿ ಅರ್ಥವಾಯಿತು: ಮತಾಂತರವಾದವನಿಗೆ ಜಾತಿಯ ಜೊತೆಗೆ ಕುಲಕಸುಬೂ ತಪ್ಪುತ್ತದೆ, ಹೊಟ್ಟೆ ಮಾತ್ರ ತಪ್ಪುವುದಿಲ್ಲ. ಆದ್ದರಿಂದ ಕಸುಬು ಕಲಿಸಲೇಬೇಕಾಯಿತು. 1851ರಲ್ಲಿ ಜಾನ್ ಹಾಲರ್ ಎಂಬ ನುರಿತ ನೇಕಾರ ಬಂದಿಳಿದ. ಬಲ್ಮಠದಲ್ಲಿ ಮಗ್ಗ ಹೂಡಿ ಹುಡುಗರನ್ನು ಕೂರಿಸಿದ, ಬಣ್ಣ ಕಾಯಿಸುವುದನ್ನೂ ಕಲಿಸಿದ. ಅಲ್ಲಿಯೇ ಅವನು ಖಾಕಿ ಬಣ್ಣ ತಯಾರಿಸಿದ, ಮಂಗಳೂರಿನ ಪೊಲೀಸರು ಅದನ್ನು ತೊಟ್ಟರು, ಮುಂದೆ ಸೇನಾಧಿಪತಿ ಲಾರ್ಡ್ ರಾಬರ್ಟ್ಸ್ ಅದನ್ನು ಮೆಚ್ಚಿ ಸೈನ್ಯಕ್ಕೆ ಶಿಫಾರಸು ಮಾಡಿದ ಎಂದು ಮಿಷನ್ನಿನ ಚರಿತ್ರೆ ಹೇಳುತ್ತದೆ. ವಾಯವ್ಯ ಗಡಿಯಲ್ಲಿ ಲಮ್ಸ್‌ಡನ್ ಎಂಬ ಅಧಿಕಾರಿಯ ಪಡೆ ಅದಕ್ಕೂ ಮೊದಲೇ ಮಣ್ಣುಬಣ್ಣದ ಬಟ್ಟೆ ತೊಟ್ಟಿತ್ತೆಂಬ ವಾದವೂ ಇದೆ. ಖಾಕಿಯ ಹಕ್ಕು ಯಾರದೇ ಆಗಲಿ, ಹಾಲರ್ ಕಲಿಸಿದ ಹುಡುಗರ ಅನ್ನಕ್ಕೆ ತಕರಾರಿಲ್ಲ. ಪೊಲೀಸ್ ಠಾಣೆಗೆ ಕಾಲಿಟ್ಟ ಯಾರಿಗಾದರೂ ಅವನ ಹೆಸರು ನೆನಪಾದದ್ದುಂಟೇ?

ಬ್ರೂಸ್‌ಪೇಟೆಯಲ್ಲಿ ಹೊಲಿಗೆ ಕಲಿಸುತ್ತಿದ್ದ ಒಬ್ಬ ಮಾಸ್ತರರ ಕತೆಯೂ ಹೆಚ್ಚುಕಡಿಮೆ ಇದೇ. ಕರ್ನಾಟಕದಲ್ಲಿ 1977-78ರ ಹೊತ್ತಿಗೆ ಪಿಯುಸಿ ಮಟ್ಟದಲ್ಲಿ ವೃತ್ತಿ ಶಿಕ್ಷಣ ಶುರುವಾಗಿ, ಜನರ ಬಾಯಲ್ಲಿ ಜೆಒಸಿ ಆಯಿತು. ಹೊಲಿಗೆ, ರೇಷ್ಮೆ ಹೀಗೆ ಹತ್ತಾರು ಕಸುಬು. ಕಲಿಸುವವರು ಬಹುಪಾಲು ಅರೆಕಾಲಿಕರು. ಈ ಪ್ರಬಂಧದ ಬರಹಗಾರನ ಅಪ್ಪನಿಗೆ ಮಗ ಡಾಕ್ಟರಾಗಲಿ ಎಂಬ ಆಸೆ. ಅಂಕಪಟ್ಟಿ ನೋಡಿದ ಸೋದರಮಾವ, ‘ಕತ್ತರಿ ಹಿಡಿಯೋದಂತೂ ಎರಡರಾಗೂ ಐತಲ್ಲ ಭಾವ’ ಎಂದು ಸಮಾಧಾನ ಹೇಳಿ ಹುಡುಗನನ್ನು ಹೊಲಿಗೆ ಕ್ಲಾಸಿಗೆ ಸೇರಿಸಿದ.

ಮಾಸ್ತರರು ಬಟ್ಟೆ ಮುಟ್ಟಲು ಬಿಡಲಿಲ್ಲ. ಮೊದಲು ಹಳೆಯ ಪೇಪರು. ನೆಲದ ಮೇಲೆ ಹಾಸಿ, ಮಂಡಿಯೂರಿ, ಸೊಂಟ-ಸೀಟು-ತೊಡೆ-ಮಂಡಿ-ಬಾಟಮ್ ಎಂದು ಗೆರೆ ಎಳೆಯಬೇಕು. ಚುನಾವಣೆ ಫಲಿತಾಂಶ, ಕ್ರಿಕೆಟ್ ಸ್ಕೋರು ಎಲ್ಲದರ ಮೇಲೂ ಪ್ಯಾಂಟಿನ ಕಾಲು ಬಿದ್ದು ಪತ್ರಿಕೆಯೆಂದರೆ ಭಕ್ತಿಯೇ ಹೋಗಿಬಿಟ್ಟಿತ್ತು. ಅಳತೆ ತಪ್ಪಿದವರು ಟೇಪಿನ ಮೇಲೆ ಹಾಕಿದರೆ, ‘ಟೇಪು ಸುಳ್ಳು ಹೇಳಂಗಿಲ್ಲಪ್ಪ, ಹಿಡಿದಿರೋ ಕೈ ಹೇಳ್ತೈತಿ’ ಎನ್ನುತ್ತಿದ್ದರು.

ಹೊಲಿದು ತಂದ ಪ್ಯಾಂಟನ್ನು ಅವರು ಹೊರಗಿನಿಂದ ನೋಡುತ್ತಲೇ ಇರಲಿಲ್ಲ. ‘ಒಳಗ ತಿರುವು’ ಎನ್ನುವರು. ತಿರುವಿದ ಕೂಡಲೇ ಕನ್ನಡಕ ಹಣೆಗೇರಿಸಿ, ಹೆಬ್ಬೆರಳಿನ ಉಗುರಿನಿಂದ ಹೊಲಿಗೆಯ ಗೆರೆಯುದ್ದಕ್ಕೂ ಸವರಿಕೊಂಡು ಹೋಗಿ ಸೀಟಿನ ಹಿಂದೆ ನಿಲ್ಲುವರು. ಅಲ್ಲಿ ಒಂದೂವರೆ ಇಂಚು ಬಟ್ಟೆ ಮಡಿಚಿ ಉಳಿಸಿರಬೇಕು. ‘ಈಗ ಬ್ಯಾಡ ಅನ್ನಿಸ್ತೈತಿ. ಲಗ್ನ ಆದಮ್ಯಾಲ ಬೇಕಾಗ್ತೈತಿ’ ಎಂದು ನಗುತ್ತಿದ್ದರು. ಉಳಿಸದವನು ಇಡೀ ಸೀಟು ಬಿಚ್ಚಿ ಮತ್ತೆ ಹೊಲಿಯಬೇಕು.

ಜೀನ್ಸಿನ ಮೇಲೆ ಅವರಿಗಿದ್ದ ಸಿಟ್ಟಿಗೂ ಇದೇ ಕಾರಣ. ಜೀನ್ಸಿನಲ್ಲಿ ಎರಡು ಅಂಚನ್ನೂ ಒಂದರೊಳಗೊಂದು ಮಡಿಚಿ ಮೇಲೆ ಜೋಡಿ ಹೊಲಿಗೆ ಹಾಕುತ್ತಾರೆ. ಗಟ್ಟಿ ನಿಜ, ಆದರೆ ಉಟ್ಟವನು ದಪ್ಪಗಾದರೆ ಬಿಚ್ಚಿ ಬಿಡಲು ಬಟ್ಟೆಯೇ ಇರುವುದಿಲ್ಲ. ಹಾಗಂತ ಮಾಸ್ತರರು ಮುನಿಸಿಕೊಂಡು ಕೂರಲಿಲ್ಲ. ಕೆಲಸವಿದ್ದದ್ದೇ ಜೀನ್ಸಿನಲ್ಲಿ. ಕಾಲಿನ ಕೊಳವೆಯನ್ನು ಒಂದೇ ಓಟಕ್ಕೆ ಜೋಡಿಸುವ ಮಿಷನ್ನು ಕಾಲೇಜಿನಲ್ಲಿರಲಿಲ್ಲ. ಅದನ್ನು ಕಲಿಯಲು ಅವರು ತಮ್ಮದೇ ಹಳೆಯ ಶಿಷ್ಯನ ಯೂನಿಟ್ಟಿಗೆ ಹೋಗಿ, ಅವನ ಕೈಕೆಳಗಿನ ಹುಡುಗರ ಪಕ್ಕ ಸ್ಟೂಲು ಹಾಕಿಕೊಂಡು ಕುಳಿತರು. ಶಿಷ್ಯ ಎದ್ದು ನಿಂತರೆ, ‘ನೀ ಕುಂದರ್ರಿ ಓನರ್, ಹೇಳಿಕೊಡ್ರಿ’ ಎಂದು ರೇಗಿಸುವರು. ಪಾಠ ಹೇಳುವವರಲ್ಲಿ ಇಂಥ ಗುಣ ಇವತ್ತಿಗೂ ವಿರಳ, ವಿಶ್ವವಿದ್ಯಾಲಯಗಳಲ್ಲಂತೂ ಹುಡುಕಬೇಕು.

ಹಗಲು ಗೌರವಧನದ ಪಾಠ, ಸಂಜೆ ಸ್ವಂತ ಅಂಗಡಿ, ಅವರ ಸಂಸಾರ ನಡೆದದ್ದು ಹೀಗೆ. ಬರಹಗಾರ ದರ್ಜಿಯಾಗಲಿಲ್ಲ, ಅಕ್ಷರ ಕತ್ತರಿಸುವ ಕೆಲಸಕ್ಕೆ ಸೇರಿದ. ಒಮ್ಮೆ ರಜೆಗೆ ಬಂದವನು ತಾನು ಓದಿದ್ದನ್ನು ಮಾಸ್ತರರಿಗೆ ಹೇಳಿದ: ಜೀನ್ಸಿನ ಜೇಬಿನ ಮೂಲೆಗೆ ತಾಮ್ರದ ರಿವೆಟ್ ಹೊಡೆಯುವ ಉಪಾಯ ಹೊಳೆದದ್ದು ಅಮೆರಿಕದ ರೆನೊ ಪಟ್ಟಣದ ದರ್ಜಿ ಜೇಕಬ್ ಡೇವಿಸ್‌ಗೆ. ಬಟ್ಟೆ ವ್ಯಾಪಾರಿ ಲೆವಿ ಸ್ಟ್ರಾಸ್ ಜೊತೆ ಸೇರಿ ಅವನು 1873ರ ಮೇ 20ರಂದು ಪೇಟೆಂಟ್ ಪಡೆದ. ಮಾಸ್ತರರು ಸೂಜಿಗೆ ದಾರ ಪೋಣಿಸುತ್ತಲೇ, ‘ಹಂಗಾರ ಬುದ್ಧಿ ದರ್ಜಿದು, ಹೆಸರು ಅಂಗಡಿಯವಂದು ಅನ್ನು’ ಎಂದರು.

ಜೆಒಸಿ ಮುಂದೆ ಮುಚ್ಚಿತು. ಅರೆಕಾಲಿಕರನ್ನು ಸರ್ಕಾರಿ ಸೇವೆಗೆ ವಿಲೀನಗೊಳಿಸಲು 2011ರಲ್ಲಿ ವಿಶೇಷ ಕಾಯ್ದೆಯೇ ಬಂತು. ವರ್ಷಗಟ್ಟಲೆ ಕಾದವರಿಗೆ ಅದು ನ್ಯಾಯ. ಕಸುಬಿನ ಪಾಠ ಮಾತ್ರ ಹೊಸ ಹೊಸ ಹೆಸರಿನಲ್ಲಿ ಮತ್ತೆ ಮತ್ತೆ ಶುರುವಾಗುತ್ತಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಒಪ್ಪಿಕೊಂಡಂತೆ, 19ರಿಂದ 24 ವಯಸ್ಸಿನ ದುಡಿಯುವವರಲ್ಲಿ ಶಾಸ್ತ್ರೋಕ್ತವಾಗಿ ವೃತ್ತಿ ಶಿಕ್ಷಣ ಪಡೆದವರು ಭಾರತದಲ್ಲಿ ಶೇ. 5ಕ್ಕಿಂತ ಕಡಿಮೆ, ಜರ್ಮನಿಯಲ್ಲಿ ಶೇ. 75, ದಕ್ಷಿಣ ಕೊರಿಯಾದಲ್ಲಿ ಶೇ. 96. ಆರರಿಂದ ಎಂಟನೇ ತರಗತಿಯ ಮಕ್ಕಳು 10 ದಿನ ಬ್ಯಾಗಿಲ್ಲದೆ ಬಡಗಿ, ಕುಂಬಾರ, ತೋಟಗಾರರ ಬಳಿ ಕಲಿಯಲಿ ಎಂಬ ಸಲಹೆಯೂ ಅದರಲ್ಲಿದೆ. ಕರ್ನಾಟಕ ಆ ನೀತಿಯನ್ನು ಬದಿಗಿಟ್ಟು ತನ್ನದೇ ನೀತಿಗಾಗಿ 2023ರಲ್ಲಿ ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯ ಆಯೋಗ ರಚಿಸಿತು. ನೀತಿ ಕೇಂದ್ರದ್ದೋ ರಾಜ್ಯದ್ದೋ ಎಂಬ ಜಗಳ ದೊಡ್ಡವರು ಆಡಿಕೊಳ್ಳಲಿ.

ಬಳ್ಳಾರಿಯ ಶಾಲೆಗಳು ಅಲ್ಲಿಯವರೆಗೆ ಕಾಯಬೇಕಿಲ್ಲ. ಓಣಿಗೊಬ್ಬ ಕಟಿಂಗ್ ಮಾಸ್ಟರ್ ಇದ್ದಾನೆ, ಅವನನ್ನು ತರಗತಿಗೆ ಕರೆಯಿರಿ. ಶಾಲು ಹೊದಿಸಿ ಕಳಿಸಬೇಡಿ, ಆ ದಿನದ ಪೀಸುಗಳ ಕೂಲಿಗೆ ಕಡಿಮೆಯಿಲ್ಲದಂತೆ ಸಂಭಾವನೆ ಕೊಡಿ. ಹಳೆಯ ಪೇಪರುಗಳನ್ನು ಮಕ್ಕಳೇ ತರುತ್ತಾರೆ.